ಹಿಮ್ಮಡಿಗೆ ಯಾರೂ ಒದೆಯಲಿಲ್ಲ

ಚಿನ್ನೂ, ಪುಟ್ಟಾ, ಮೊದಲಿಗೇ ಬರೆದುಬಿಡುತ್ತೇನೆ: ನಾನು ಬೀಳಲಿಲ್ಲ. ಬಾತ್‌ರೂಮಿನಲ್ಲಿ ಬೀಳಲಿಲ್ಲ, ಬಸ್ಸಿನಿಂದ ಬೀಳಲಿಲ್ಲ, ಅಂಗಳದ ಪಾಚಿಯಲ್ಲಿ ಜಾರಲಿಲ್ಲ. ಕಳೆದ ವರ್ಷದಿಂದ ನಮ್ಮ ಮನೆಗೆ ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ, "ಬಿದ್ದದ್ದು ಎಲ್ಲಿ?" ಬೀಳಲಿಲ್ಲ ಎಂದರೆ ಅವರಿಗೆ ಸಮಾಧಾನವಿಲ್ಲ. "ಬೀಳದೆ ಕಾಲು ಹೀಗೆ ಆಗ್ತದಾ?" ಎಂದು ನನ್ನ ಮುಖ ನೋಡುತ್ತಾರೆ, ಆಮೇಲೆ ನಿಮ್ಮ ಅಮ್ಮನ ಮುಖ ನೋಡುತ್ತಾರೆ. ನನ್ನ ಸೊಸೆಯ ಕಡೆಗೆ ಹೋಗುವ ಆ ಎರಡನೆಯ ನೋಟಕ್ಕಾಗಿಯೇ ನಾನು ಈಗ ಬರೆಯಲು ಕೂತದ್ದು. ಬಾಯಿಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ.

ಮನೆಯಲ್ಲಿ ನಾವೆಲ್ಲ ತುಳು ಆಡುವವರು. ಬರೆಯಲು ನನಗೆ ಬರುವುದು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ. ನೀವಿಬ್ಬರೂ ಇಂಗ್ಲಿಷ್ ಮೀಡಿಯಮಿನವರು, ಒತ್ತಕ್ಷರ ಬಂದಲ್ಲಿ ಸ್ಟಾಪಿನಲ್ಲಿ ಬಸ್ಸು ನಿಂತ ಹಾಗೆ ನಿಂತುಬಿಡುತ್ತೀರಿ. ಅದಕ್ಕೆ ದೊಡ್ಡ ಅಕ್ಷರದಲ್ಲಿ, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯುತ್ತಿದ್ದೇನೆ. ಓದಲು ಆಗುವುದಿಲ್ಲ ಎಂಬ ನೆಪ ಹೇಳಬೇಡಿ.

ನನ್ನ ಸ್ವಭಾವ ನಿಮಗೆ ಗೊತ್ತು. ಅಂಗಡಿಯಲ್ಲಿ ನಾಲ್ಕು ಜನ ಇದ್ದರೆ ನಾನು ಹಿಂದೆ ನಿಲ್ಲುತ್ತೇನೆ. ನಾಲ್ಕೂ ಜನ ಹೋಗಿ ಮತ್ತೆ ನಾಲ್ಕು ಜನ ಬಂದರೂ ಅಲ್ಲಿಯೇ ನಿಂತಿರುತ್ತೇನೆ. ನಿಮ್ಮ ಅಜ್ಜ ಇರುವಾಗ ಎಲ್ಲ ಕೌಂಟರಿನ ಮುಂದೆಯೂ ಮಾತನಾಡುತ್ತಿದ್ದವರು ಅವರೇ. ನನಗೆ ಏನಾದರೂ ಔಷಧಿ ಬೇಕಾದರೆ ಹಿಂದಿನ ಸಲದ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಅವರ ಅಂಗಿಯ ಕಿಸೆಗೆ ಹಾಕುತ್ತಿದ್ದೆ. ಅವರು ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ. ಸಂಜೆ ಬರುವಾಗ ಅಂಥದ್ದೇ ಹೊಸ ಸ್ಟ್ರಿಪ್ ತಂದಿರುತ್ತಿದ್ದರು. ಹೀಗೆ ನಮ್ಮ ಸಂಸಾರದಲ್ಲಿ ನನ್ನ ಅರ್ಧ ಕಾಯಿಲೆಗಳಿಗೆ ಹೆಸರೇ ಇರಲಿಲ್ಲ. ಅವರು ಹೋದ ಮೇಲೆ ಕಿಸೆ ಹೋಯಿತು, ಸ್ಟ್ರಿಪ್ ತೋರಿಸುವ ಅಭ್ಯಾಸ ಮಾತ್ರ ನನ್ನ ಕೈಯಲ್ಲಿ ಉಳಿಯಿತು.

ಹೋದ ವರ್ಷ ಬೇಸಗೆಯಲ್ಲಿ ನನ್ನ ತಂಗಿಯ ಮೊಮ್ಮಗುವಿಗೆ ಹೆಸರಿಡುವ ಕಾರ್ಯಕ್ರಮಕ್ಕೆಂದು ಪಂಪ್‌ವೆಲ್‌ನ ಅವಳ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅಲ್ಲಿ ಶುರುವಾಯಿತು. ಬರೆಯುವಾಗಲೂ ಪೆನ್ನು ನಿಲ್ಲುತ್ತದೆ. ಇರಲಿ, ಇಷ್ಟೆಲ್ಲ ಆದ ಮೇಲೆ ಇನ್ನು ಎಂಥ ನಾಚಿಕೆ. ಉರಿಮೂತ್ರ. ಹತ್ತು ನಿಮಿಷಕ್ಕೊಮ್ಮೆ ಹೋಗಬೇಕು ಅನ್ನಿಸುವುದು, ಹೋದರೆ ನಾಲ್ಕು ತೊಟ್ಟು, ಅದರ ಜೊತೆ ಮೆಣಸು ಅರೆದು ಹಚ್ಚಿದಂಥ ಉರಿ. ತಂಗಿ ನನ್ನನ್ನು ಹತ್ತಿರದ ಲೇಡಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಅವರು ಐದು ದಿನದ ಮಾತ್ರೆ ಬರೆದು, "ಚೆನ್ನಾಗಿ ನೀರು ಕುಡೀರಿ. ಮುಗಿದ ಮೇಲೆ ಒಮ್ಮೆ ಬಂದು ಯೂರಿನ್ ಟೆಸ್ಟ್ ಮಾಡಿಸ್ಬೇಕು, ಆಯ್ತಾ?" ಎಂದರು. ಆಯಿತು ಎಂದು ತಲೆ ಆಡಿಸಿದೆ. ಮೂರನೆಯ ದಿನಕ್ಕೆ ಉರಿ ನಿಂತಿತು. ಟೆಸ್ಟಿಗೆ ನಾನು ಹೋಗಲಿಲ್ಲ. ಸಣ್ಣ ಡಬ್ಬಿಯಲ್ಲಿ ಅದನ್ನು ಹಿಡಿದುಕೊಂಡು, ಜನ ಕೂತ ಹಾಲ್ ದಾಟಿ, ಕೌಂಟರಿನಲ್ಲಿ ಕೊಡುವುದು ನನ್ನಿಂದ ಆಗುವ ಕೆಲಸವಲ್ಲ.

ಒಂದೂವರೆ ತಿಂಗಳಿಗೆ, ಕಾಟಿಪಳ್ಳದ ನಮ್ಮ ಮನೆಯಲ್ಲಿ, ಅದು ಮತ್ತೆ ಬಂತು. ಖಾಲಿ ಸ್ಟ್ರಿಪ್ ನನ್ನ ಹತ್ತಿರ ಇತ್ತು, ಕರವಸ್ತ್ರದಲ್ಲಿ ಮಡಚಿ ಇಟ್ಟಿದ್ದೆ. ನಮ್ಮ ಮನೆಯಿಂದ ಮೆಡಿಕಲ್‌ಗೆ ನೂರು ಹೆಜ್ಜೆ. ಆದರೆ ಅಲ್ಲಿ ಇರುವವನು ನಿಮ್ಮ ಅಪ್ಪನ ಜೊತೆ ಶಾಲೆಗೆ ಹೋದವನು. ಒಳ್ಳೆಯವನೇ, ಸ್ವರ ಮಾತ್ರ ದೊಡ್ಡದು. ಹಿಂದೊಮ್ಮೆ ಪಕ್ಕದ ಮನೆಯವರ ಸ್ಟ್ರಿಪ್ ಕೈಯಲ್ಲಿ ಎತ್ತಿ ಹಿಡಿದು, "ಓ ಅಕ್ಕಾ, ಇದು ಮೂಲವ್ಯಾಧಿಗಲ್ವಾ? ಮುಲಾಮು ಬೇಡ್ವಾ?" ಎಂದು ಕೇಳಿದವನು. ಅಂಗಡಿಯ ಮುಂದೆ ರಿಕ್ಷಾದವರು, ಮೀನು ಕೊಳ್ಳಲು ನಿಂತವರು, ಎಲ್ಲರೂ ಕೇಳಿದ್ದರು. ನಾನು ಅಲ್ಲಿಗೆ ಹೋಗಲೇ ಇಲ್ಲ.

ಆಗ ನಾನು ಮಾಡಿದ್ದನ್ನು ಓದಿ ನಗಬೇಡಿ. ನಕ್ಕರೂ ಪರವಾಗಿಲ್ಲ, ನಿಮ್ಮ ಅಮ್ಮ ನಕ್ಕಾಗಿದೆ. ಬಿಕರ್ನಕಟ್ಟೆಯ ಬಾಲಯೇಸುವಿನ ಚರ್ಚಿಗೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ನಮ್ಮವರು ಎಷ್ಟೋ ಜನ ಅಲ್ಲಿಗೆ ಹೋಗುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ಯಾರಿಗೂ ಸಂಶಯ ಬರುವಂತಿರಲಿಲ್ಲ. ಕಾಟಿಪಳ್ಳದಲ್ಲಿ ಬಸ್ಸು ಹತ್ತಿ, ನಂತೂರಿನಲ್ಲಿ ಇಳಿದು, ಬಿಕರ್ನಕಟ್ಟೆಗೆ ಹೋಗಿ ಒಂದು ಬತ್ತಿ ಹಚ್ಚಿ (ಪೂರ್ತಿ ಸುಳ್ಳಾಗಬಾರದಲ್ಲ), ಅಲ್ಲಿಂದ ಪಂಪ್‌ವೆಲ್‌ಗೆ ಹೋಗಿ, ಲೇಡಿ ಡಾಕ್ಟರ ಕ್ಲಿನಿಕ್ಕಿನ ಪಕ್ಕದ ಮೆಡಿಕಲ್‌ನಲ್ಲಿ ಸ್ಟ್ರಿಪ್ ತೋರಿಸಿದೆ. ಅಲ್ಲಿ ನನ್ನ ಗುರುತು ಯಾರಿಗೂ ಇಲ್ಲ. ಚೀಟಿ ಕೇಳಲಿಲ್ಲ, ಹೆಸರು ಕೇಳಲಿಲ್ಲ, ಕವರಿಗೆ ಹಾಕಿ ಕೊಟ್ಟರು. ದಾರಿಯುದ್ದಕ್ಕೂ ನೀರು ಕುಡಿಯಲಿಲ್ಲ. ಕುಡಿದರೆ ಬಸ್ ಸ್ಟ್ಯಾಂಡಿನ ಶೌಚಾಲಯ ಹುಡುಕಬೇಕು, ಬಾಗಿಲಲ್ಲಿ ಕೂತವನ ಮುಂದೆ ನಿಲ್ಲಬೇಕು. ನೀರು ಕುಡಿಯದೆ ಇದ್ದುದರಿಂದಲೇ ಆ ಕಾಯಿಲೆ ಬರುವುದು, ಆ ಕಾಯಿಲೆಯ ಮಾತ್ರೆ ತರಲೆಂದು ನೀರು ಕುಡಿಯದೆ ಹೋಗುವುದು. ಈಗ ಬರೆಯುವಾಗ ನನಗೇ ನನ್ನ ತಲೆಗೆ ಕುಟ್ಟಬೇಕು ಅನ್ನಿಸುತ್ತದೆ.

ಎರಡನೆಯ ಸಲ ವಾಸಿಯಾಯಿತು. ಮೂರನೆಯ ಸಲ ಬಂದದ್ದು ಜೋರು ಮಳೆಯಲ್ಲಿ. ಅದೇ ಬತ್ತಿ, ಅದೇ ಪಂಪ್‌ವೆಲ್. ಅದೇ ವಾರ ನನಗೆ ಪ್ರತಿ ಮಳೆಗಾಲದ ಉಬ್ಬಸವೂ ಶುರುವಾಯಿತು. ನಿಮ್ಮ ಅಮ್ಮ ಸೊಸೈಟಿ ಕಚೇರಿಗೆ ಅರ್ಧ ದಿನ ರಜೆ ಹಾಕಿ ನನ್ನನ್ನು ಎದೆಯ ಡಾಕ್ಟರಿಗೆ ತೋರಿಸಿದಳು. ಅವರು ಸಣ್ಣ ಬಿಳಿ ಮಾತ್ರೆ ಬರೆಯುತ್ತಾ, "ಬೇರೆ ಎಂತ ಮಾತ್ರೆ ತಗೊಳ್ತಾರೆ ಇವರು?" ಎಂದು ಕೇಳಿದರು.

"ಬಿಪಿದು ಮಾತ್ರ ಡಾಕ್ಟ್ರೇ," ಎಂದಳು ನಿಮ್ಮ ಅಮ್ಮ. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ನಾನು ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರ ನೋಡುತ್ತಾ ಕೂತೆ.

ಹತ್ತು ದಿನ ಕಳೆಯುವಾಗ ಎರಡೂ ಹಿಮ್ಮಡಿಗಳ ಹಿಂಭಾಗದಲ್ಲಿ ನೋವು ಬಂತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದಂತೆ. ನಿಮ್ಮ ಅಜ್ಜನ ಅಕ್ಕ, ನೀವು ದೊಡ್ಡಜ್ಜಿ ಎಂದು ಕರೆಯುವವರು, ಆಗ ನಮ್ಮಲ್ಲಿಗೆ ಬಂದಿದ್ದರು. ಅವರಿಗೆ ಗೊತ್ತಿಲ್ಲದ ಕಾಯಿಲೆ ಇಲ್ಲ. "ವಾಯು ಮಾರಾಯ್ತಿ, ವಾಯು! ಎಣ್ಣೆ ಬಿಸಿ ಮಾಡು," ಎಂದು ಕಾಲು ಹಿಡಿದು, ರೊಟ್ಟಿ ಹಿಟ್ಟು ನಾದಿದ ಹಾಗೆ ನಾದಿದರು. ನೋವು ಇನ್ನೂ ಹೆಚ್ಚಾಯಿತು. ಅದನ್ನೂ ನಾನು ಹೇಳಲಿಲ್ಲ. ಅವರು ಅಷ್ಟು ಪ್ರೀತಿಯಿಂದ ಉಜ್ಜುವಾಗ ನಿಲ್ಲಿಸಿ ಎನ್ನುವುದು ಹೇಗೆ?

ಮೂರನೆಯ ಸ್ಟ್ರಿಪ್ ಮುಗಿಯಿತು, ಉರಿ ಮುಗಿಯಲಿಲ್ಲ. ನಾಲ್ಕನೆಯದಕ್ಕೆ ಹೊರಟೆ. ಅವತ್ತೇ ಅದು ಆದದ್ದು.

ಪಂಪ್‌ವೆಲ್‌ನಲ್ಲಿ ಮಾತ್ರೆ ತೆಗೆದುಕೊಂಡು, ಫ್ಲೈಓವರಿನ ಕೆಳಗಿನಿಂದ ಬಂದು, ವಾಪಸ್ಸು ಬಸ್ಸಿಗೆ ನಿಂತಿದ್ದೆ. ಮಳೆ ಬಿಟ್ಟಿತ್ತು, ರಸ್ತೆ ಒದ್ದೆ ಇತ್ತು. ಬಸ್ಸು ಬಂತು. "ಬೇಗ ಹತ್ತಿ ಬೇಗ ಹತ್ತಿ, ಹಿಂದೆ ಬಸ್ಸುಂಟು!" ಎಂದು ಕಂಡಕ್ಟರ್ ಬಾಗಿಲಿಗೆ ಬಡಿಯುತ್ತಿದ್ದ. ಎಡಗಾಲನ್ನು ಮೆಟ್ಟಿಲಿನ ಮೇಲೆ ಇಟ್ಟು, ಬಲಗಾಲಿನ ಬೆರಳ ಮೇಲೆ ಭಾರ ಹಾಕಿ ಮೇಲಕ್ಕೆ ಎದ್ದೆ. ಆಗ ಹಿಮ್ಮಡಿಯ ಹಿಂಭಾಗಕ್ಕೆ ಯಾರೋ ಬಲವಾಗಿ ಒದ್ದರು. ಟಪ್ ಎಂದು ಸದ್ದು ಕೇಳಿತು. ನಿಜವಾಗಿ ಕೇಳಿತು, ಒಣ ಕಡ್ಡಿ ಮುರಿದ ಹಾಗೆ.

ನನ್ನ ಜನ್ಮದಲ್ಲಿ ಬೀದಿಯಲ್ಲಿ ನಿಂತು ಯಾರನ್ನೂ ಬೈದವಳಲ್ಲ. ಅವತ್ತು ತಿರುಗಿ ನೋಡಿದೆ. ಹಿಂದೆ ಕೊಡೆ ಹಿಡಿದ, ಕನ್ನಡಕದ ಒಬ್ಬರು ಹಿರಿಯರು ನಿಂತಿದ್ದರು.

"ಕಾಲಿಗೆ ಯಾಕೆ ಒದ್ದದ್ದು ನೀವು?" ಎಂದೆ.

"ನಾನಾ? ನಾನು ಎಂತ ಮಾಡಿದೆ ಅಮ್ಮ?"

"ಕೊಡೆಯಲ್ಲಿ ಹೊಡೆದಿರಿ!"

"ಕೊಡೆ ನನ್ನ ಕಂಕುಳಲ್ಲಿ ಉಂಟಲ್ಲ ಮಾರಾಯ್ರೆ! ನೋಡಿ, ಬಟನ್ ಸಹ ಹಾಕಿದ್ದು!"

ಕಂಡಕ್ಟರ್ ಇಣುಕಿ, "ಜಗಳ ಒಳಗೆ ಬಂದು ಮಾಡಿ, ಸೀಟು ಉಂಟು," ಎಂದ. ಎಲ್ಲರೂ ನಕ್ಕರು. ನಾನು ಹತ್ತಲು ಹೋದರೆ ಬಲಗಾಲು ನನ್ನದಲ್ಲದ ಹಾಗೆ ಕೆಳಗೆ ಕೂತಿತ್ತು. ಪಾಪ, ಆ ಹಿರಿಯರೇ ನನ್ನ ಕೈ ಹಿಡಿದು ಸೀಟಿನಲ್ಲಿ ಕೂರಿಸಿದರು. ನಂತೂರಿನಲ್ಲಿ ರಿಕ್ಷಾ ಮಾಡಿ ಕೊಟ್ಟವರೂ ಅವರೇ. ನಾನು ಕ್ಷಮಿಸಿ ಎಂದೂ ಹೇಳಲಿಲ್ಲ, ನಾಚಿಕೆಯಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದೆ. ಈಗಲೂ ಆ ಮುಖ ನೆನಪಾದರೆ ಕಸಿವಿಸಿಯಾಗುತ್ತದೆ.

ಮನೆಯಲ್ಲಿ ನಿಮ್ಮ ಅಮ್ಮ ನೋಡಿ ಗಾಬರಿಯಾದಳು. "ಮಾಮಿ, ಎಂತ ಆಯ್ತು? ಬಿದ್ರಾ?"

"ಇಲ್ಲ. ಬಸ್ಸು ಹತ್ತುವಾಗ ಟಪ್ ಅಂತು."

"ಎಲ್ಲಿ, ಬಿಕರ್ನಕಟ್ಟೆಯಲ್ಲಾ?"

"ಹೂಂ," ಎಂದೆ. ಆ ಒಂದು ಹೂಂ ನನ್ನನ್ನು ಆಮೇಲೆ ಎಷ್ಟು ತಿಂದಿತು ಎಂದು ನನಗೆ ಮಾತ್ರ ಗೊತ್ತು.

ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. "ಎಲುಬಿಗೆ ಎಂತ ಆಗ್ಲಿಲ್ಲ, ಉಳುಕು ಅಷ್ಟೇ," ಎಂದು ಬ್ಯಾಂಡೇಜು ಸುತ್ತಿ ಕಳುಹಿಸಿದರು. ಕಾಲಬೆರಳು ಆಡಿಸಲು ಹೇಳಿದ್ದರು, ಆಡಿತ್ತು. ಎಲುಬು ಸರಿ ಇದೆ ಎಂದರೆ ಕಾಲೇ ಸರಿ ಇದೆ ಎಂದು ನಮ್ಮ ಲೆಕ್ಕ. ಮೂರು ವಾರ ಹಾಗೆ ಹೋಯಿತು. ಊತ ಇಳಿಯಿತು, ನೋವೂ ಇಳಿಯಿತು, ಕಾಲು ಮಾತ್ರ ನಡೆಯಲಿಲ್ಲ. ನೆಲವನ್ನು ಹಿಂದಕ್ಕೆ ತಳ್ಳಿ ಮುಂದೆ ಹೋಗುವ ಶಕ್ತಿಯೇ ಇಲ್ಲ, ಪಾದವನ್ನು ಎಳೆದು ಎಳೆದು ಹಾಕಬೇಕು. ಈ ಮೂರು ವಾರದಲ್ಲಿ, ಮಂಚದ ಮೇಲೆ ಮಲಗಿಕೊಂಡು, ಆ ನಾಲ್ಕನೆಯ ಸ್ಟ್ರಿಪ್ಪನ್ನೂ ನಾನು ಯಾರಿಗೂ ಕಾಣದ ಹಾಗೆ ನುಂಗಿ ಮುಗಿಸಿದೆ. ಆಮೇಲೆ ಎಡ ಹಿಮ್ಮಡಿಯೂ ಮೊದಲಿಗಿಂತ ಜೋರಾಗಿ ನೋಯಲು ಶುರುವಾಯಿತು.

ನೋಡಲು ಬಂದವರ ಕಥೆ ಬೇರೆ. ಒಬ್ಬರು ಬಾತ್‌ರೂಮಿನ ಟೈಲ್ಸ್ ನೋಡಿ ಬಂದು, "ಇದು ಜಾರುವ ಟೈಲ್ಸ್, ನಾನು ಆಗ್ಲೇ ಹೇಳಿದ್ದೆ," ಎಂದರು. ಇನ್ನೊಬ್ಬರು ನರ ತುಂಡಾಗಿದೆ, ನರಕ್ಕೆ ನಾಟಿ ಔಷಧಿಯೇ ಆಗಬೇಕು ಎಂದು ಸೊಪ್ಪು ತಂದರು. ನಿಮ್ಮ ಅಪ್ಪ ದುಬಾಯಿಯಿಂದ ವಿಡಿಯೋ ಕಾಲ್ ಮಾಡಿ, "ಅಮ್ಮಾ, ಕ್ಯಾಮರಾ ಕಾಲಿಗೆ ಹಿಡಿ. ಅದು ಫ್ಯಾನು. ಕಾಲಿಗೆ ಹಿಡಿ ಮಾರಾಯ್ತಿ!" ಎಂದು ಅಲ್ಲಿಂದ ಬೊಬ್ಬೆ ಹಾಕಿದ. ದೊಡ್ಡಜ್ಜಿಯಂತೂ ದಿನಾ ಬಂದರು, ಬಂದು ಮಾತನಾಡಿದ್ದೆಲ್ಲ ನಿಮ್ಮ ಅಮ್ಮನಿಗೇ.

"ಮನೆಯಲ್ಲಿ ಕಾರು ಇದ್ದು, ಅಷ್ಟು ಪ್ರಾಯದವರನ್ನು ಬಸ್ಸಿನಲ್ಲಿ ಒಬ್ಬರನ್ನೇ ಕಳಿಸ್ಲಿಕ್ಕೆ ನಿನಗೆ ಮನಸ್ಸು ಹೇಗೆ ಬಂತು?"

"ದೊಡ್ಡಮ್ಮ, ಅವರೇ ಬೇಡ ಅಂದದ್ದು. ಭಾನುವಾರ ನಾನೇ ಕರ್ಕೊಂಡು ಹೋಗ್ತೇನೆ ಅಂತ ಹೇಳಿದ್ದೆ."

"ಅವಳು ಬೇಡ ಅಂದ್ರೆ? ಅವಳು ಊಟ ಸಹ ಬೇಡ ಅಂತಾಳೆ. ನೀನು ಬಡಿಸುದಿಲ್ವಾ?"

ನಿಮ್ಮ ಅಮ್ಮ ಒಳಗೆ ಹೋಗಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುವ ಸದ್ದು ನನಗೆ ಕೇಳುತ್ತಿತ್ತು. ಅವಳು ನನ್ನನ್ನು ಬಸ್ಸಿನಲ್ಲಿ ಕಳಿಸಿದವಳಲ್ಲ, ನಾನು ಅವಳ ಕಾರಿನಲ್ಲಿ ಹೋಗಲು ಸಾಧ್ಯವೇ ಇರಲಿಲ್ಲ. ಅದನ್ನು ಹೇಳಬೇಕಾದರೆ ಪಂಪ್‌ವೆಲ್ ಹೇಳಬೇಕು, ಪಂಪ್‌ವೆಲ್ ಹೇಳಿದರೆ ಮಾತ್ರೆ ಹೇಳಬೇಕು, ಮಾತ್ರೆ ಹೇಳಿದರೆ ಅದನ್ನೂ ಹೇಳಬೇಕು. ಹಾಗೆ ಬಾಯಿ ಮುಚ್ಚಿ ಮಲಗಿದೆ.

ಕೊನೆಗೆ ನಿಮ್ಮ ಅಮ್ಮನೇ ಹಟ ಹಿಡಿದು ಪೇಟೆಯ ದೊಡ್ಡ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನನ್ನನ್ನು ಕವುಚಿ ಮಲಗಿಸಿ, ಎರಡೂ ಪಾದಗಳು ಮಂಚದ ತುದಿಯಿಂದ ಹೊರಗೆ ಇಳಿಬೀಳುವಂತೆ ಮಾಡಿದರು. ಸೀರೆ ಮೊಣಕಾಲಿನವರೆಗೆ. ಮುಖ ದಿಂಬಿನೊಳಗೆ ಇದ್ದದ್ದು ನನ್ನ ಪುಣ್ಯ. ಎಡಗಾಲಿನ ಮೀನಖಂಡವನ್ನು ಹಿಂಡಿದರು, ಪಾದ ಕೆಳಮುಖವಾಗಿ ಅಲ್ಲಾಡಿತು. ಬಲಗಾಲಿನದನ್ನು ಹಿಂಡಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಹಿಂಡಿದರು. ಪಾದ ಗೋಡೆಗೆ ತೂಗುಹಾಕಿದ ಚೀಲದ ಹಾಗೆ ಸುಮ್ಮನೆ ಇತ್ತು.

"ನರ ಅಲ್ಲ ಇದು," ಎಂದು ಅವರು ನಿಮ್ಮ ಅಮ್ಮನ ಬೆರಳನ್ನು ನನ್ನ ಹಿಮ್ಮಡಿಯ ಮೇಲ್ಭಾಗಕ್ಕೆ ಮುಟ್ಟಿಸಿ ತೋರಿಸಿದರು. "ಇಲ್ಲಿ ಗುಂಡಿ ಸಿಗ್ತದಾ? ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಕಟ್ಟುವ ಹಗ್ಗದ ಹಾಗಿನದ್ದು ಒಂದುಂಟು, ಟೆಂಡನ್. ಅದು ತುಂಡಾಗಿದೆ. ಎಕ್ಸ್‌ರೇಯಲ್ಲಿ ಅದು ಕಾಣುದಿಲ್ಲ." ಆಮೇಲೆ ಎಡಗಾಲನ್ನು ಒತ್ತಿ ನೋಡಿದರು. ನಾನು ಹಾ ಎಂದೆ. "ಇದೂ ಊದಿದೆ. ಬೀಳದೆ, ಪೆಟ್ಟಾಗದೆ, ಹೀಗೆ ಎರಡೂ ಕಡೆ ಸುಮ್ಮನೆ ಆಗುದಿಲ್ಲ. ಉಬ್ಬಸದ ಮಾತ್ರೆಯಿಂದ ಸ್ವಲ್ಪ ಸಡಿಲ ಆಗಿರಬಹುದು. ಆದರೆ ಇನ್ನೂ ಎಂತದೋ ಉಂಟು. ಈಚೆಗೆ ಆಂಟಿಬಯೋಟಿಕ್ ಏನಾದ್ರೂ ತಗೊಂಡಿದ್ರಾ? ಕೆಲವು ಆಂಟಿಬಯೋಟಿಕ್‌ನಿಂದ ಈ ಹಗ್ಗ ಹಾಳಾಗ್ತದೆ, ಪ್ರಾಯದವರಲ್ಲಿ ಮುಖ್ಯವಾಗಿ. ಕಾರಣ ಗೊತ್ತಾಗದಿದ್ರೆ ಎಡದ್ದೂ ಹೋಗಬಹುದು."

"ಇಲ್ಲ ಡಾಕ್ಟ್ರೇ. ನಮಗೆ ಗೊತ್ತಿದ್ದ ಹಾಗೆ ಇಲ್ಲ. ಮಾಮಿ, ಇಲ್ಲ ಅಲ್ವಾ?"

ನಾನು ಸೀರೆ ಸರಿಪಡಿಸುತ್ತಿದ್ದೆ. ಆಂಟಿಬಯೋಟಿಕ್ ಎಂದರೆ ಜ್ವರಕ್ಕೆ, ಗಾಯಕ್ಕೆ ಕೊಡುವುದು ಎಂದು ನನ್ನ ತಿಳುವಳಿಕೆ. ಇದೂ ಅದೇ ಜಾತಿಯದ್ದು ಎಂದು ನನಗೆ ಪೂರ್ತಿ ಗೊತ್ತಿರಲಿಲ್ಲ. ಹೀಗೆ ಬರೆದರೆ ನನಗೆ ಅನುಕೂಲ. ಆದರೆ ಆ ಕ್ಷಣ ಕರವಸ್ತ್ರದೊಳಗಿನ ಸ್ಟ್ರಿಪ್ ನೆನಪಾದದ್ದೂ ನಿಜ. ನಾನು ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ.

ಮನೆಗೆ ಬಂದು ಯೋಚನೆ ಮಾಡಿದ್ದೆಲ್ಲ ಎಡಗಾಲಿನದ್ದೇ. ಒಂದು ಕಾಲು ಹೋದರೆ ಕೋಲು ಹಿಡಿದು ಬಚ್ಚಲಿಗೆ ಹೋಗಬಹುದು. ಎರಡೂ ಹೋದರೆ ಮಲಗಿದಲ್ಲೇ ಎಲ್ಲ. ಪ್ರತಿಯೊಂದಕ್ಕೂ ಯಾರನ್ನಾದರೂ ಕರೆಯಬೇಕು, ಬಾಯಿ ಬಿಟ್ಟು ಹೇಳಬೇಕು, ಅವರು ಪಾತ್ರೆ ತಂದು ಕೆಳಗೆ ಇಡಬೇಕು. ನಾನು ಯಾವುದನ್ನು ಹೇಳಲಾರೆ ಎಂದು ಪಂಪ್‌ವೆಲ್‌ಗೆ ಮೂರು ಸಲ ಹೋಗಿ ಬಂದೆನೋ, ಅದನ್ನೇ ದಿನಕ್ಕೆ ಆರು ಸಲ ಹೇಳುವ ಕಾಲ ಬರುತ್ತದೆ ಎಂದು ಅರ್ಥವಾಯಿತು. ಅರ್ಥವಾದರೂ ಬಾಯಿ ಬರಲಿಲ್ಲ, ನೋಡಿ. ಇಂಥ ಬಾಯಿಯನ್ನು ಏನು ಮಾಡುವುದು?

ಆಪರೇಷನ್ನಿಗೆ ಎರಡು ದಿನ ಮೊದಲು ಅಡ್ಮಿಟ್ ಮಾಡಿಕೊಂಡರು. ರಕ್ತ ತೆಗೆದರು, ಮತ್ತೆ ಆ ಡಬ್ಬಿಯನ್ನೂ ಕೊಟ್ಟರು. ಇಲ್ಲಿ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ, ನರ್ಸ್ ಬಾಗಿಲ ಹೊರಗೇ ನಿಂತಿದ್ದಳು. ಸಂಜೆ ಅದೇ ನರ್ಸ್ ಬಂದು, ಬೀದಿಗೆಲ್ಲ ಕೇಳುವ ಹಾಗೆ, "ಅಮ್ಮ, ನಿಮ್ಮ ಯೂರಿನ್‌ನಲ್ಲಿ ಇನ್‌ಫೆಕ್ಷನ್ ಉಂಟಂತೆ, ಡ್ಯೂಟಿ ಡಾಕ್ಟರ್ ಮಾತ್ರೆ ಬರೆದಿದ್ದಾರೆ, ಊಟ ಆದ್ಮೇಲೆ ತಗೊಳ್ಳಿ," ಎಂದಳು. ನಾನು ಇಷ್ಟು ತಿಂಗಳು ಬಚ್ಚಿಟ್ಟದ್ದನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿ, ಮುಂದಿನ ಮಂಚಕ್ಕೆ ಹೋದಳು. ಆಕಾಶ ಬೀಳಲಿಲ್ಲ. ಪಕ್ಕದ ಮಂಚದವರು ತಲೆ ಕೂಡ ಎತ್ತಲಿಲ್ಲ, ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದರು.

ಸ್ಟ್ರಿಪ್ ಮೇಜಿನ ಮೇಲೆ ಇತ್ತು. ಹೆಸರು ಓದಬೇಕಾಗಿಯೇ ಇರಲಿಲ್ಲ. ಆ ನೀಲಿ ಗೆರೆ, ಆ ಉದ್ದದ ಮಾತ್ರೆ, ನನಗೆ ಅಂಗೈಯಷ್ಟೇ ಪರಿಚಯ. ದಿಂಬಿನ ಅಡಿಯ ಕರವಸ್ತ್ರದಲ್ಲಿ ಅದರದ್ದೇ ಖಾಲಿ ಜೊತೆ ಇತ್ತು.

ಆ ಹೊತ್ತಿಗೆ ಸರಿಯಾಗಿ ದೊಡ್ಡಜ್ಜಿ ಗಂಜಿಯ ಡಬ್ಬ ಹಿಡಿದುಕೊಂಡು ಬಂದು ಕೂತು, ನಿಮ್ಮ ಅಮ್ಮನಿಗೆ ಶುರು ಮಾಡಿದ್ದರು. "ಇನ್‌ಫೆಕ್ಷನ್ ಸಹ ಉಂಟಂತೆ. ಮನೆಯಲ್ಲಿ ನೀರು ಕುದಿಸಿ ಕೊಡ್ತೀಯೋ ಇಲ್ವೋ ನೀನು?"

ನಿಮ್ಮ ಅಮ್ಮ ಲೋಟಕ್ಕೆ ನೀರು ಹಾಕಿ, ಸ್ಟ್ರಿಪ್ಪಿನಿಂದ ಮಾತ್ರೆ ಒತ್ತಿ ತೆಗೆದು, ಅಂಗೈಯಲ್ಲಿ ಇಟ್ಟು ನನ್ನ ಮುಂದೆ ಹಿಡಿದಳು. "ತಗೊಳ್ಳಿ ಮಾಮಿ." ಕಣ್ಣು ಕೆಂಪಾಗಿತ್ತು.

ನಾನು ದಿಂಬಿನ ಅಡಿಯಿಂದ ಕರವಸ್ತ್ರ ತೆಗೆದು, ಬಿಚ್ಚಿ, ಖಾಲಿ ಸ್ಟ್ರಿಪ್ಪನ್ನು ಮೇಜಿನ ಮೇಲೆ ಹೊಸದರ ಪಕ್ಕದಲ್ಲಿ ಇಟ್ಟೆ. ನನ್ನ ಹಳೆಯ ಅಭ್ಯಾಸ. ಇಷ್ಟೇ ಸಾಕು, ಅರ್ಥ ಮಾಡಿಕೊಳ್ಳುತ್ತಾಳೆ ಎಂದುಕೊಂಡೆ.

ಅವಳು ಅರ್ಥ ಮಾಡಿಕೊಳ್ಳಲಿಲ್ಲ. "ಎಂತ ಇದು? ಕಸ ಯಾಕೆ ಇಟ್ಕೊಂಡಿದ್ದೀರಿ?" ಎಂದು ಅದನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಲು ಕೈ ಎತ್ತಿದಳು.

"ಬಿಸಾಡಬೇಡ!" ಎಂದೆ. ಅಷ್ಟು ದೊಡ್ಡ ಸ್ವರ ನನ್ನಲ್ಲಿ ಇತ್ತು ಎಂದು ನನಗೇ ಗೊತ್ತಿರಲಿಲ್ಲ. ಧಾರಾವಾಹಿ ನೋಡುತ್ತಿದ್ದವರೂ ಈಗ ತಿರುಗಿದರು. "ಅದು ನಾನು ತಿಂದದ್ದು. ನಾಲ್ಕು ಸ್ಟ್ರಿಪ್ ತಿಂದಿದ್ದೇನೆ. ಬೇಸಗೆಯಿಂದ ಉರಿಮೂತ್ರ ಉಂಟು ನನಗೆ. ಬಿಕರ್ನಕಟ್ಟೆ ಅಂತ ಹೇಳಿ ಪಂಪ್‌ವೆಲ್‌ಗೆ ಹೋಗಿ ತಂದದ್ದು. ಕಾಲು ಹೋದದ್ದೂ ಅಲ್ಲೇ. ಇವಳದ್ದು ಎಂತ ತಪ್ಪೂ ಇಲ್ಲ. ಡಾಕ್ಟ್ರನ್ನು ಕರಿ, ನಾನು ಇದನ್ನು ತಿನ್ನುದಿಲ್ಲ."

ನಿಮ್ಮ ಅಮ್ಮ ಮಂಚದ ತುದಿಯಲ್ಲಿ ಕೂತಳು.

"ಪಂಪ್‌ವೆಲ್‌ಗಾ?" ಎಂದಳು. "ಮಾಮಿ, ಮೆಡಿಕಲ್ ನಮ್ಮ ಮನೆ ಎದುರು ಉಂಟು. ನಾನು ಮನೆಯ ಒಳಗೇ ಇದ್ದೇನೆ. ಎರಡು ಬಸ್ಸು ಬದಲಾಯಿಸಿ ಪಂಪ್‌ವೆಲ್‌ಗಾ? ನಿಮಗೆ ಬುದ್ಧಿ ಉಂಟಾ?"

"ಇಲ್ಲ," ಎಂದೆ.

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಮುಖ ಒರೆಸಿಕೊಂಡು, ಎರಡೂ ಸ್ಟ್ರಿಪ್ ಹಿಡಿದು, ಡಾಕ್ಟರನ್ನು ಹುಡುಕಿಕೊಂಡು ಹೋದಳು. ಅವಳು ಬಾಗಿಲು ದಾಟಿದ್ದೇ ತಡ, ದೊಡ್ಡಜ್ಜಿ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದರು. ಈಗ ಬೈಗಳು ನನ್ನ ಪಾಲಿಗೆ ಎಂದುಕೊಂಡೆ.

"ಮಾರಾಯ್ತಿ," ಎಂದರು ಸಣ್ಣ ಸ್ವರದಲ್ಲಿ, "ಆ ಮಾತ್ರೆಯ ಹೆಸರು ಎಂತ?"

"ಯಾಕೆ?"

"ಯಾಕೆ ಅಂದ್ರೆ ಎಂತ ಹೇಳುದು? ನನಗೆ ಸಹ ಉಂಟು. ಎರಡು ವರ್ಷ ಆಯ್ತು." ಅವರು ತಮ್ಮ ಎರಡೂ ಕಾಲುಗಳನ್ನು ಮೆಲ್ಲ ಕುರ್ಚಿಯ ಅಡಿಗೆ ಎಳೆದುಕೊಂಡರು. "ನಾನು ಸಹ ಮೆಡಿಕಲ್‌ನಲ್ಲಿ ತೋರಿಸಿಯೇ ತರುದು."

ನಾನು ಇದುವರೆಗೆ ಯಾರ ಮೇಲೂ ಇಷ್ಟು ಸಿಟ್ಟಾದದ್ದಿಲ್ಲ. ದಿನಾ ಬಂದು ನಿಮ್ಮ ಅಮ್ಮನಿಗೆ ಬೈದವರು, ನನ್ನ ಹಿಮ್ಮಡಿಯನ್ನು ನಾದಿದವರು, ಚೀಲದೊಳಗೆ ತಮ್ಮದೂ ಒಂದು ಸ್ಟ್ರಿಪ್ ಇಟ್ಟುಕೊಂಡು! ಸಿಟ್ಟು ಬಾಯಿಗೆ ಬರುವ ಮೊದಲೇ ಡಾಕ್ಟರು ಬಂದರು, ಎಲುಬಿನ ದೊಡ್ಡ ಡಾಕ್ಟರೇ. ಸ್ಟ್ರಿಪ್ ನೋಡಿ, "ಎಷ್ಟು ದಿನ? ಕೊನೆಯದು ಯಾವಾಗ?" ಎಂದು ಕೇಳಿದರು. ನಾನೇ ಹೇಳಿದೆ, ಒಂದೊಂದಾಗಿ, ಎಲ್ಲರೂ ಕೇಳುತ್ತಿದ್ದ ಹಾಗೆಯೇ. ಅವರು ಬೈಯಲಿಲ್ಲ. "ಇವತ್ತು ಹೇಳಿದ್ದು ಒಳ್ಳೆದಾಯ್ತು. ಇನ್ನೊಂದು ಕೋರ್ಸ್ ಹೋಗಿದ್ರೆ ಎಡಗಾಲಿಗೆ ನಾನು ಗ್ಯಾರಂಟಿ ಕೊಡ್ತಿರ್ಲಿಲ್ಲ," ಎಂದು ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದರು. ಬೇರೆ ಜಾತಿಯ ಮಾತ್ರೆ ಕೊಟ್ಟರು. ಉರಿಯೂ ಹೋಯಿತು. ಸರಿಯಾಗಿ ಪರೀಕ್ಷೆ ಮಾಡಿ ಕೊಟ್ಟರೆ ಒಂದೇ ಸಲಕ್ಕೆ ಹೋಗುವಂಥದ್ದಾಗಿತ್ತು ಅದು.

ಆಪರೇಷನ್ ನಾಲ್ಕು ದಿನ ತಡವಾಗಿ ಆಯಿತು. ತುಂಡಾದ ಎರಡೂ ತುದಿಗಳನ್ನು ಎಳೆದು ಹೊಲಿದರಂತೆ. ಆಮೇಲಿನದ್ದು ನೀವೇ ನೋಡಿದ್ದೀರಿ: ಬೆರಳು ಕೆಳಗೆ ಮಾಡಿ ಹಾಕಿದ ಪ್ಲಾಸ್ಟರ್, ಅದನ್ನು ಬಿಚ್ಚಿದ ಮೇಲೆ ಹಿಮ್ಮಡಿಯ ಕೆಳಗೆ ಮೂರು ತುಂಡು ಇಟ್ಟ ದೊಡ್ಡ ಬೂಟು. ಪುಟ್ಟ ಅದಕ್ಕೆ "ಅಜ್ಜಿಯ ಹೈ ಹೀಲ್ಸ್" ಎಂದು ಹೆಸರಿಟ್ಟು ಇಡೀ ಕ್ಲಾಸಿಗೆ ಫೋಟೋ ತೋರಿಸಿದ್ದು ನನಗೆ ಗೊತ್ತಾಗಿದೆ. ಈಗ ದಿನಾ ಬೆಳಿಗ್ಗೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸುವುದು, ಇಳಿಸುವುದು. ಹದಿನೈದಕ್ಕೆ ಬಂದಾಗ ಸಾಕೆನಿಸುತ್ತದೆ. ಚಿನ್ನು ಪಕ್ಕದಲ್ಲಿ ನಿಂತು ಇಪ್ಪತ್ತು ಎಂದು ಕಳ್ಳ ಲೆಕ್ಕ ಹೇಳುವುದಕ್ಕೆ ದೇವರು ಅವಳಿಗೆ ಒಳ್ಳೆಯದು ಮಾಡಲಿ.

ಎಡಗಾಲು ಉಳಿಯಿತು. ಬಚ್ಚಲಿಗೆ ನಾನೇ ಹೋಗುತ್ತೇನೆ.

ಕಿರಿಕಿರಿ ಮಾತ್ರ ಮುಗಿದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದರೂ, ಕಣ್ಣಿನ ಡಾಕ್ಟರ ಹತ್ತಿರ ಹೋದರೂ ಆ ಫೈಲು ತೆಗೆದು, "ನನಗೆ ಈ ಮಾತ್ರೆ ಆಗುವುದಿಲ್ಲ, ಟೆಂಡನ್ ತುಂಡಾಗಿದೆ," ಎಂದು ನಾನೇ ಬಾಯಿಬಿಟ್ಟು ಹೇಳಬೇಕೆಂದು ನಿಮ್ಮ ಅಮ್ಮನ ಕಟ್ಟಪ್ಪಣೆ. ಅವಳು ಪಕ್ಕದಲ್ಲಿ ಕೈಕಟ್ಟಿ ಕೂತಿರುತ್ತಾಳೆ, ಒಂದು ಶಬ್ದ ಸಹಾಯ ಮಾಡುವುದಿಲ್ಲ. ಕಣ್ಣಿನ ಡಾಕ್ಟರು, "ಏಕೆ ತಗೊಂಡಿದ್ರಿ ಅದನ್ನು?" ಎಂದು ಕೇಳಿದಾಗ ನಾನು ಅವಳ ಮುಖ ನೋಡಿದೆ. ಅವಳು ಗೋಡೆಯ ಮೇಲಿನ ಕಣ್ಣಿನ ಚಿತ್ರ ನೋಡುತ್ತಿದ್ದಳು. ಹೇಳಿದೆ. ಮನೆಗೆ ಬರುವವರಿಗೂ ಈಗ ಹೇಳುತ್ತೇನೆ. ಅರ್ಧ ಜನ ನಂಬುವುದಿಲ್ಲ, "ಮಾತ್ರೆ ತಿಂದ್ರೆ ಕಾಲು ಹೋಗ್ತದಾ? ಬಾತ್‌ರೂಮಿನಲ್ಲಿ ಬಿದ್ದಿರಬೇಕು," ಎಂದು ಟೈಲ್ಸ್ ನೋಡಿ ಬರುತ್ತಾರೆ. ಇನ್ನರ್ಧ ಜನ, ಅವರಲ್ಲಿ ಹೆಂಗಸರೇ ಹೆಚ್ಚು, 'ಮಾತ್ರೆ' ಎಂದ ಕೂಡಲೇ ಸುಮ್ಮನಾಗುತ್ತಾರೆ. ಹೊರಡುವಾಗ ಹಿಂದೆ ಉಳಿದು ಹೆಸರು ಕೇಳುತ್ತಾರೆ.

ಆ ಹೆಸರಿನ ಕೊನೆಗೆ 'ಫ್ಲಾಕ್ಸಾಸಿನ್' ಎಂದು ಬರುತ್ತದೆ. ಮೊದಲ ಅಕ್ಷರಗಳು ಬದಲಾದರೂ ಬಾಲ ಅದೇ. ಒಳ್ಳೆಯ ಔಷಧಿಯೇ, ಬೇಕಾದವರಿಗೆ ಡಾಕ್ಟರು ನೋಡಿ ಕೊಡುತ್ತಾರೆ. ನನಗೆ ಅದು ಆಗಲಿಲ್ಲ, ಅದೂ ಉಬ್ಬಸದ ಮಾತ್ರೆಯ ಜೊತೆ, ಈ ಪ್ರಾಯದಲ್ಲಿ. ನೀವು ನನ್ನ ರಕ್ತದವರು. ಯಾವತ್ತಾದರೂ ಡಾಕ್ಟರು ನಿಮ್ಮ ಮನೆಯಲ್ಲಿ ಯಾರಿಗಾದರೂ ಯಾವುದಾದರೂ ಮಾತ್ರೆ ಆಗದೆ ಇದ್ದದ್ದುಂಟಾ ಎಂದು ಕೇಳಿದರೆ, ಗೋಡೆಯ ಚಿತ್ರ ನೋಡಬೇಡಿ.

ಈ ಹಾಳೆಗಳನ್ನು ನನ್ನ ಆಸ್ಪತ್ರೆಯ ಫೈಲಿನಲ್ಲಿ, ಎಕ್ಸ್‌ರೇಯ ಹಿಂದೆ ಇಡುತ್ತಿದ್ದೇನೆ. ಅಲ್ಲಿಂದ ತೆಗೆಯಬೇಡಿ, ಮನೆ ಬದಲಾಯಿಸಿದರೂ ಫೈಲು ಜೊತೆಗೆ ಬರಲಿ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರು ಹಾಕಿ. ಕೊನೆಯ ಹಾಳೆಗೆ ಆ ಖಾಲಿ ಸ್ಟ್ರಿಪ್ಪನ್ನು ಪಿನ್ನು ಹೊಡೆದಿದ್ದೇನೆ. ನಿಮ್ಮ ಅಮ್ಮ ಮುದ್ದೆ ಮಾಡಿದ ಗುರುತು ಅದರಲ್ಲಿ ಇನ್ನೂ ಇದೆ. ಕಸ ಎಂದು ಬಿಸಾಡಬೇಡಿ. ಅಂಗಡಿಯಲ್ಲಿ ತೋರಿಸಲು ಮಾತ್ರ ಯಾರೂ ತೆಗೆದುಕೊಂಡು ಹೋಗಬೇಡಿ, ದೊಡ್ಡಜ್ಜಿ ಕೇಳಿದರೂ ಕೊಡಬೇಡಿ.